ಕೃಪೆಯೂ ಕೂಲಿಯೂ

ಕೃಪೆಯೆಂಬ ಮಾತು ನಮ್ಮ ನಾಡಿನಲ್ಲಿ ಬಹು ಬಳಕೆಯದು. ಕಾಗದ ಬರೆಯುವ ರೂಢಿ ಬಲವಾಗಿದ್ದ ಕಾಲದಲ್ಲಿ, ದೇವರ ಕೃಪೆಯಿಂದ ಈ ಕಡೆ ಎಲ್ಲರೂ ಕ್ಷೇಮವೆಂಬ ಒಕ್ಕಣೆಯಿಲ್ಲದೆ ಯಾವ ಕಾಗದವೂ ಮುಂದುವರಿಯುತ್ತಿರಲಿಲ್ಲ. ಮಳೆ ಬಂದರೆ ಕೃಪೆ; ಹೆರಿಗೆ ಸುಖವಾಗಿ ಆದರೆ ಕೃಪೆ; ವ್ಯಾಜ್ಯ ನಮ್ಮ ಕಡೆ ತೀರ್ಮಾನವಾದರೆ ಅದೂ ಕೃಪೆ. ಹೊರಗಿನಿಂದ ಬಂದ ಒಳಿತಿಗೆಲ್ಲ ಈ ಮಾತನ್ನು ಧಾರಾಳವಾಗಿ ಸಲ್ಲಿಸುವ ನಾವು, ಒಳಗೆ ಆದ ಒಳಿತಿಗೆ ಮಾತ್ರ ಅದನ್ನು ಸಲ್ಲಿಸಲು ಹಿಂಜರಿಯುವೆವು. ದೇವರ ಕೃಪೆಯಿಂದ ಈ ವರ್ಷ ನನ್ನ ಕೋಪ ಸ್ವಲ್ಪ ತಗ್ಗಿದೆ, ಮತ್ಸರ ಕಡಮೆಯಾಗಿದೆ ಎಂದು ಯಾರೂ ಯಾರಿಗೂ ಬರೆದುದನ್ನು ನಾನು ಕಂಡಿಲ್ಲ. ಬೆಳೆ ದೇವರದು, ಗುಣ ಮಾತ್ರ ನಮ್ಮದು ಎಂದು ನಾವು ಒಳಗೊಳಗೇ ಹಂಚಿಕೆ ಮಾಡಿಕೊಂಡಿರುವಂತೆ ತೋರುತ್ತದೆ. ಈ ಹಂಚಿಕೆ ಸರಿಯೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾನು ಹುಟ್ಟಿ ಬೆಳೆದುದು ಕ್ರೈಸ್ತ ಮನೆತನದಲ್ಲಿ. ನಮ್ಮ ಪ್ರಾರ್ಥನೆಗಳಲ್ಲಿಯೂ ಕೀರ್ತನೆಗಳಲ್ಲಿಯೂ ಕೃಪೆಯೆಂಬ ಮಾತು ಹೆಜ್ಜೆಹೆಜ್ಜೆಗೂ ಬರುವುದು. ಬಂದಾಗಲೆಲ್ಲ ಅದು ಮೊದಲು ಸೂಚಿಸುವುದು ಒಳಗಿನ ಒಳಿತನ್ನೇ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಇದಕ್ಕೆ ‘ಖಾರಿಸ್’ ಎಂಬ ಪದವುಂಟು. ಉಪಕಾರ, ಉಡುಗೊರೆ, ಚೆಲುವು ಎಂಬ ಅರ್ಥಗಳು ಅದರಲ್ಲಿ ಕೂಡಿಕೊಂಡಿವೆ. ಸಂತೋಷವೆಂಬ ಅರ್ಥದ ಪದವೂ ಅದರ ನಂಟಿನದೇ. ನಮ್ಮ ನೆರೆಯ ಬಳ್ಳಾರಿಗೆ ೧೮೧೦ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರೂ ಅವರ ಜೊತೆಗಾರರೂ ಇಪ್ಪತ್ತು ವರ್ಷಗಳ ದುಡಿಮೆಯಿಂದ ಬೈಬಲನ್ನು ಕನ್ನಡಕ್ಕೆ ತಂದರು. ಅಲ್ಲಿಂದೀಚೆಗೆ ಅನೇಕರು ಅದನ್ನು ತಿದ್ದಿದರು. ಹೀಗೆ ತಿದ್ದುತ್ತ ಬಂದು ಕನ್ನಡ ಕ್ರೈಸ್ತರ ಬಾಯಲ್ಲಿ ನೆಲೆನಿಂತ ಮಾತು ಕೃಪೆ. ಅದು ಹೊಸದಾಗಿ ಟಂಕಿಸಿದ ಮಾತಲ್ಲ. ಮಠಗಳಲ್ಲಿ, ಮಂದಿರಗಳಲ್ಲಿ, ಹರಿಕಥೆಗಳಲ್ಲಿ ಮೊದಲೇ ಓಡಾಡಿದ ಮಾತು ಇಗರ್ಜಿಯ ಬಾಗಿಲನ್ನೂ ಹೊಕ್ಕಿತು. ಅಲ್ಲಿ ಅದಕ್ಕೆ ಒಂದು ಬಿಗಿಯಾದ ಅರ್ಥ ಬಂದಿತು: ಯೋಗ್ಯತೆಯಿಲ್ಲದವನಿಗೆ, ಅವನು ಯೋಗ್ಯನಾಗುವ ಮೊದಲೇ, ಕೇಳದೆಯೂ ದೊರೆಯುವ ದಯೆ.

ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ಮಾತಿದೆ, ಮಾನಸಾಂತರವೆಂದು. ಇದ್ದ ದೇಶವನ್ನು ಬಿಟ್ಟು ಹೋಗುವುದು ದೇಶಾಂತರವಾದರೆ, ಮನಸ್ಸು ತಾನು ನೆಲಸಿದ್ದ ಊರನ್ನೇ ಬಿಟ್ಟು ಹೊರಡುವುದು ಮಾನಸಾಂತರ. ಹೊರಡುವವನು ಮನುಷ್ಯನೇ, ಸಂದೇಹವಿಲ್ಲ. ಹೊರಡಿಸುವವನು ಯಾರು? ಕ್ರೈಸ್ತ ಜೀವನದ ಸೂಕ್ಷ್ಮವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದು ನನಗೆ ತೋರುವುದು.

ಹೊಳಲ್ಕೆರೆಯಲ್ಲಿ ನಮ್ಮ ಬೀದಿಯಲ್ಲಿಯೇ ಇರುವ ನಿವೃತ್ತ ಮೇಷ್ಟ್ರೊಬ್ಬರು ನನ್ನ ಸ್ನೇಹಿತರು. ಲಿಂಗಪೂಜೆಯಾಗದೆ ನೀರು ಮುಟ್ಟದ ನಿಷ್ಠರು; ಮಾತಿನಲ್ಲಿ ನೇರ. ಒಂದು ಸಂಜೆ ಅವರು ನನ್ನನ್ನು ಕೇಳಿದರು: “ಸ್ವಾಮಿ, ಎಲ್ಲವೂ ದೇವರ ಕೃಪೆ ಎನ್ನುತ್ತೀರಿ. ಕುಡುಕ ಕುಡಿತ ಬಿಟ್ಟರೆ ಕೃಪೆಯಾಯಿತು ಅನ್ನೋಣ. ಬಿಡಲಿಲ್ಲ, ಆಗ? ಅವನಿಗೆ ಕೃಪೆಯಾಗಲಿಲ್ಲ ಎಂದೇ ಅರ್ಥ? ಹಾಗಾದರೆ ತಪ್ಪು ಅವನದೋ ನಿಮ್ಮ ದೇವರದೋ? ಅವನ ಹೆಂಡತಿ ಮಕ್ಕಳು ಯಾರ ಮೇಲೆ ದೂರು ಹೇಳಬೇಕು?” ಹಾಸ್ಯಕ್ಕಾಗಿ ಕೇಳಿದ ಪ್ರಶ್ನೆಯಲ್ಲ ಅದು. ಅವರ ಕಣ್ಣೆದುರಿಗೇ ಅಂಥ ಒಂದು ಸಂಸಾರವಿತ್ತು. ಸಿದ್ಧಾಂತದ ಉತ್ತರವನ್ನು ಹೇಳಿ ಕೈ ತೊಳೆದುಕೊಳ್ಳಬಹುದಾದ ಪ್ರಶ್ನೆಯೂ ಅಲ್ಲ. ಅಂದಿನಿಂದ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ತೋಚಿದಷ್ಟನ್ನು ಇಲ್ಲಿ ಕ್ರಮವಾಗಿ ಹೇಳುವೆನು.

ಮೊದಲು ಸ್ವಪ್ರಯತ್ನದ ಪಕ್ಷವನ್ನು ಗೌರವದಿಂದ ಕೇಳಬೇಕು. ಅದನ್ನು ಸಾರುವ ಬಹು ಪ್ರಾಚೀನವಾದ ಬರಹವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಂಡೆಯ ಮೇಲೆ ಕೊರೆದಿರುವ ಅಶೋಕನ ಶಾಸನವನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದರು. ರೈಸರು ಬೆಂಗಳೂರಿನ ಮಿಷನರಿಯೊಬ್ಬರ ಮಗ. ಕೃಪೆಯನ್ನು ಬೋಧಿಸಲು ಬಂದವರ ಮಗನೇ ಪ್ರಯತ್ನವನ್ನು ಬೋಧಿಸುವ ಶಾಸನವನ್ನು ನಮಗೆ ಓದಿ ಹೇಳಿದುದು ಒಂದು ಯೋಗವೆನ್ನಬೇಕು. ಅದರಲ್ಲಿ ಚಕ್ರವರ್ತಿಯು ತನ್ನ ವಿಷಯವನ್ನೇ ಹೇಳಿಕೊಂಡಿರುವನು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು. ಮೊದಲ ಒಂದು ವರ್ಷ ತಾನು ಗಟ್ಟಿಯಾಗಿ ಪ್ರಯತ್ನಿಸಲಿಲ್ಲ. ಸಂಘವನ್ನು ಸಮೀಪಿಸಿದಮೇಲೆ ವರ್ಷಕ್ಕೂ ಹೆಚ್ಚು ಕಾಲ ತೀವ್ರವಾಗಿ ಪ್ರಯತ್ನಿಸಿದುದರಿಂದ ಫಲ ದೊರೆಯಿತು. ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಅಲ್ಪನಾದವನೂ ಪ್ರಯತ್ನದಿಂದ ಇದನ್ನು ಪಡೆಯಬಲ್ಲನು. ಶಾಸನದ ಸಾರ ಇದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅರಸನೊಬ್ಬನು ತನ್ನ ಸಡಿಲತನವನ್ನು ಕಲ್ಲಿನ ಮೇಲೆ ಬರೆಯಿಸಿದನೆಂಬುದೂ, ಬಡವನಿಗೂ ಶ್ರೇಯಸ್ಸಿನ ದಾರಿ ತೆರೆದಿದೆಯೆಂದು ಸಾರಿದನೆಂಬುದೂ ಸಣ್ಣ ಮಾತಲ್ಲ. ಇದನ್ನು ಅಲ್ಲಗಳೆಯಬೇಕಾದ ಅಗತ್ಯ ಯಾವ ಕ್ರೈಸ್ತನಿಗೂ ಇಲ್ಲ.

ಆದರೂ ಪ್ರಯತ್ನಕ್ಕೆ ಒಂದು ಎಲ್ಲೆಯಿದೆ. ಪ್ರಯತ್ನಿಸಿ ನೋಡಿದವನಿಗೇ ಅದು ತಿಳಿಯುವುದು. ನಸುಕಿನಲ್ಲಿ ಏಳುವುದನ್ನು ಸಂಕಲ್ಪದಿಂದ ಕಲಿಯಬಹುದು. ನಶ್ಯವನ್ನು ಬಿಡಬಹುದು, ಲೆಕ್ಕವನ್ನು ಚೊಕ್ಕವಾಗಿಡಬಹುದು. ನೆರೆಯವನ ಮಗನಿಗೆ ಒಳ್ಳೆಯ ಕೆಲಸ ದೊರೆಯಿತೆಂದು ಕೇಳಿದ ಕ್ಷಣದಲ್ಲಿ ಎದೆಯೊಳಗೆ ಚುಚ್ಚುವ ಮುಳ್ಳನ್ನು ಯಾವ ಸಂಕಲ್ಪದಿಂದ ಕೀಳುವುದು? ಅಭಿನಂದನೆಯನ್ನು ಬಾಯಿಂದ ಹೇಳಿಸಬಹುದು. ಸಂತೋಷವನ್ನು ಮನಸ್ಸಿನಿಂದ ಹೇಳಿಸುವುದು ಹೇಗೆ? ತಿದ್ದಬೇಕಾದದ್ದೂ ಮನಸ್ಸೇ, ತಿದ್ದಬೇಕಾದ ಉಪಕರಣವೂ ಮನಸ್ಸೇ. ಕಾವು ಮುರಿದ ಕೊಡಲಿಯಿಂದ ಅದಕ್ಕೇ ಹೊಸ ಕಾವನ್ನು ಕೆತ್ತಿಕೊಳ್ಳಲಾಗುವುದಿಲ್ಲ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ, ತಾನು ಮೆಚ್ಚುವ ಒಳ್ಳೆಯದನ್ನು ಮಾಡಲಾರದೆಯೂ, ಹೇಸುವ ಕೆಟ್ಟದ್ದನ್ನು ಮಾಡದೆ ಇರಲಾರದೆಯೂ ಸಿಕ್ಕಿಬಿದ್ದ ಮನುಷ್ಯನ ಗೋಳನ್ನು ಬಿಚ್ಚಿ ಹೇಳಿರುವನು. ಪೌಲನು ಸೋಮಾರಿಯಲ್ಲ; ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸಿದ ಪರಿಸಾಯನು. ಎಲ್ಲವನ್ನೂ ಮಾಡಿ ನೋಡಿದವನ ಗೋಳು ಅದು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಮತ್ತೊಂದುಂಟು. ಪ್ರಯತ್ನ ಗೆದ್ದಿತೆಂದೇ ಇಟ್ಟುಕೊಳ್ಳೋಣ. ಕೋಪವನ್ನು ಗೆದ್ದವನು ತಾನು ಗೆದ್ದೆನೆಂದು ನಿಂತುಕೊಂಡಾಗ, ಕೋಪ ಹೊರಟುಹೋದ ಬಾಗಿಲಿನಿಂದಲೇ ಅಹಂಕಾರವು ಒಳಗೆ ಬಂದು ಕುಳಿತಿರುತ್ತದೆ. ಅದಕ್ಕೆ ಶುಭ್ರವಾದ ಉಡುಪು ಇರುವುದರಿಂದ ಮನೆಯವರು ಗುರುತಿಸಲಾರರು. ನಿಯಮನಿಷ್ಠರಾದ ಕೆಲವರು ಮನೆಯಲ್ಲಿ ಎಷ್ಟು ಕಠಿಣರಾಗಿರುವರೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ತಾವು ಬಿಟ್ಟುದನ್ನು ಬಿಡಲಾರದವರ ಮೇಲೆ ಅವರಿಗೆ ಕನಿಕರವಿರುವುದಿಲ್ಲ. ತಮ್ಮ ಗುಣ ತಮ್ಮ ಸಂಪಾದನೆಯೆಂದು ತಿಳಿದವರು, ಗುಣವಿಲ್ಲದವನನ್ನು ಸೋಮಾರಿಯೆಂದಲ್ಲದೆ ಬೇರೆ ಹೇಗೆ ತಿಳಿದಾರು?

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರನ್ನು ಕೇಳದವರು ಈ ಸೀಮೆಯಲ್ಲಿಲ್ಲ. ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಚಿತ್ರದುರ್ಗ ಸೀಮೆಯ ನಾಲಗೆಯ ಮೇಲಿದೆ. ಸ್ವಾಮಿಗಳು ಕೆರೆ ಕಟ್ಟಿಸುವಾಗ ಅವರವರ ದುಡಿಮೆಗೆ ತಕ್ಕಷ್ಟು ಕೂಲಿ ಅವರವರಿಗೆ ಸಂಜೆಗೆ ದೊರೆಯುತ್ತಿತ್ತು, ಕಳ್ಳಬಿದ್ದವನಿಗೆ ಕಡಮೆ, ದುಡಿದವನಿಗೆ ಹೆಚ್ಚು, ಎಂದು ಪ್ರತೀತಿ. ಬಿಸಿಲ ಸೀಮೆಯ ರೈತಾಪಿ ಜನಕ್ಕೆ ಇದಕ್ಕಿಂತ ನ್ಯಾಯವಾದ ಮಾತು ಬೇಕಿಲ್ಲ. ಯೇಸುವು ಹೇಳಿದ ಒಂದು ಸಾಮ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮೊದಲು ಗಾಬರಿಯಾಗುವುದು. ದ್ರಾಕ್ಷಿತೋಟದ ಯಜಮಾನನೊಬ್ಬನು ಬೆಳಗ್ಗೆ ಕೆಲವರನ್ನೂ, ಮಧ್ಯಾಹ್ನ ಕೆಲವರನ್ನೂ, ಹೊತ್ತು ಮುಳುಗಲು ಒಂದು ತಾಸು ಉಳಿದಿರುವಾಗ ಕೆಲವರನ್ನೂ ಕರೆದು ತಂದನು. ಸಂಜೆಗೆ ಎಲ್ಲರಿಗೂ ಸಮವಾಗಿ ಕೊಟ್ಟನು. ಬೆಳಗಿನಿಂದ ಬೆಂದವರು ಗೊಣಗಿದರು. ಗೊಣಗಿದುದು ಸಹಜವೇ. ಮೇಷ್ಟ್ರಿಗೆ ಈ ಕಥೆಯನ್ನು ಹೇಳಿದಾಗ ಅವರೂ, “ಇದು ಕೂಲಿಯಾಳುಗಳನ್ನು ಕೆಡಿಸುವ ಕಥೆ” ಎಂದು ನಕ್ಕರು.

ಕೂಲಿಯ ವಿಷಯದಲ್ಲಿ ಸ್ವಾಮಿಗಳ ಮಾತೇ ಸರಿ. ದುಡಿದವನಿಗೆ ದುಡಿದಷ್ಟು ಕೊಡದ ಒಡೆಯನು ಕೃಪೆಯ ಮಾತನ್ನಾಡಿ ತಪ್ಪಿಸಿಕೊಳ್ಳುವಂತಿಲ್ಲ. ಯೇಸುವಿನ ಕಥೆ ಹೇಳುವುದು ಕೂಲಿಯ ನ್ಯಾಯವನ್ನಲ್ಲ. ಸಂಜೆಯವರೆಗೆ ಯಾರೂ ಕರೆಯದೆ ಚೌಕದಲ್ಲಿ ನಿಂತಿದ್ದವನ ಮನೆಯಲ್ಲಿಯೂ ಮಕ್ಕಳಿಗೆ ಅಂದಿನ ಅನ್ನ ಬೇಕು. ಅರ್ಧ ಕೂಲಿಯಿಂದ ಅರ್ಧ ಹಸಿವು ಮಾತ್ರ ತೀರುವುದು. ಯಜಮಾನನು ನೋಡಿದುದು ಅವರ ಬೆವರನ್ನಲ್ಲ, ಅವರ ಅಗತ್ಯವನ್ನು. ಮನುಷ್ಯನು ದೇವರ ಎದುರಿಗೆ ನಿಲ್ಲುವಾಗ ಕೂಲಿಯವನಾಗಿ ನಿಲ್ಲುವನೋ ಮಗನಾಗಿ ನಿಲ್ಲುವನೋ ಎಂಬುದೇ ಮುಖ್ಯ. ಮಗನೂ ತೋಟದಲ್ಲಿ ದುಡಿಯುವನು. ಕೆಲವೊಮ್ಮೆ ಆಳಿಗಿಂತ ಹೆಚ್ಚಾಗಿಯೇ ದುಡಿಯುವನು. ಸಂಜೆಗೆ ಲೆಕ್ಕ ಕೇಳುವುದಿಲ್ಲ, ಅಷ್ಟೆ. ಆದುದರಿಂದ ಕೃಪೆಯು ಪ್ರಯತ್ನಕ್ಕೆ ಎದುರಾದ ವಸ್ತುವಲ್ಲ. ಕೂಲಿಗೆ ಎದುರಾದ ವಸ್ತು. ಈ ಒಂದು ಭೇದವನ್ನು ಮರೆತುದರಿಂದಲೇ ಅನೇಕ ವಾದಗಳು ಹುಟ್ಟಿಕೊಂಡಿವೆಯೆಂದು ನನ್ನ ಅಭಿಪ್ರಾಯ.

ವಾದ ಎಲ್ಲ ಕಡೆಯೂ ನಡೆದುದೇ. ಶ್ರೀವೈಷ್ಣವರಲ್ಲಿ ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂಬ ಎರಡು ಪಕ್ಷಗಳಿರುವುದನ್ನು ವಾಚಕರು ಬಲ್ಲರು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿ ಹಿಡಿದಿರಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುವುದು. ಕ್ರೈಸ್ತರಲ್ಲಿ ಐದನೆಯ ಶತಮಾನದ ಆದಿಯಲ್ಲಿ ಪೆಲಾಗಿಯಸನು, ಮನುಷ್ಯನು ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಹುದೆಂದು ಹೇಳಿದನು. ಸಂತ ಆಗಸ್ಟೀನನು, ಮನಸ್ಸು ಮಾಡುವ ಆ ಮನಸ್ಸನ್ನೂ ದೇವರೇ ಕೊಡಬೇಕೆಂದು ಉತ್ತರವಿತ್ತನು. ಹದಿನಾರನೆಯ ಶತಮಾನದಲ್ಲಿ ಇದೇ ವಿಷಯದ ಸುತ್ತ ಪಶ್ಚಿಮದ ಸಭೆ ಎರಡಾಯಿತು. ಕಥೋಲಿಕರೂ ಲೂಥರನ ಅನುಯಾಯಿಗಳೂ ೧೯೯೯ರ ಅಕ್ಟೋಬರ್ ೩೧ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ, ನಮ್ಮನ್ನು ದೇವರು ಸ್ವೀಕರಿಸುವುದು ನಮ್ಮ ಪುಣ್ಯದ ಬಲದಿಂದಲ್ಲ, ಕೃಪೆಯಿಂದಲೇ, ಆ ಕೃಪೆಯೇ ಸತ್ಕಾರ್ಯಕ್ಕೆ ಪ್ರೇರಿಸುವುದು ಎಂಬರ್ಥದ ಒಡಂಬಡಿಕೆಗೆ ಸಹಿ ಹಾಕಿದರು. ೨೦೦೬ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಒಪ್ಪಿದರು. ನಾನೂರು ವರ್ಷಗಳಿಗೂ ಮೀರಿದ ಜಗಳದಲ್ಲಿ ಇದೊಂದು ಸಮಾಧಾನ.

ನೆರೆಯವರ ಮನೆಯಲ್ಲಿಯೂ ಈ ಬೆಳಕನ್ನು ಕಂಡು ಸಂತೋಷಪಟ್ಟ ಕ್ರೈಸ್ತರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಗಳು. ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಊರೂರಿನಿಂದ ಕೂಡಿಸಿ ಅಚ್ಚು ಹಾಕಿಸಿದವರು. ಶಿವಶರಣರ ಅನುಭಾವವನ್ನು ಆಯುಷ್ಯವಿಡೀ ಅಭ್ಯಾಸ ಮಾಡಿದವರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಕ್ರಿಸ್ತನಲ್ಲಿ ತಮಗಿದ್ದ ನಂಬಿಕೆಯನ್ನು ಅವರು ಸಡಿಲಿಸಲಿಲ್ಲ. ಶರಣರ ಮೇಲಣ ಗೌರವವನ್ನೂ ಮರೆಮಾಡಲಿಲ್ಲ. ಬಿಟ್ಟಿಯಾಗಿ ದೊರೆತುದಕ್ಕೆ ಬೇಲಿ ಹಾಕುವ ಬುದ್ಧಿ ಹುಟ್ಟುವುದಿಲ್ಲವೆಂಬುದಕ್ಕೆ ಅವರ ಬಾಳು ಒಳ್ಳೆಯ ನಿದರ್ಶನ.

ಹಾಗಾದರೆ ಕೃಪೆಯನ್ನು ನಂಬಿದವನು ಮಾಡಬೇಕಾದುದೇನು? ಜಾನ್ ವೆಸ್ಲಿಯ ಜೀವನದಲ್ಲಿ ಇದಕ್ಕೆ ಉತ್ತರವಿದೆ. ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಅಚ್ಚುಕೂಟವನ್ನೂ ನಡೆಸಿ, ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಇಂಡಿಯಾ ಸಭೆಯಲ್ಲಿ ಕೂಡಿಕೊಂಡ ವೆಸ್ಲಿಯನ್ ಸಭೆಗೆ ಮೂಲಪುರುಷನು ಈತನೇ. ಆಕ್ಸ್‌ಫರ್ಡಿನಲ್ಲಿದ್ದಾಗ ವೆಸ್ಲಿಯು ಉಪವಾಸ, ಜಾಗರಣೆ, ಸೆರೆಮನೆಯವರ ಸೇವೆ ಮೊದಲಾದುವನ್ನು ಗಳಿಗೆ ಗಳಿಗೆಯ ಲೆಕ್ಕವಿಟ್ಟು ಆಚರಿಸಿದನು. ಅಮೆರಿಕದ ಜಾರ್ಜಿಯಾಕ್ಕೆ ಬೋಧಕನಾಗಿ ಹೋಗಿ, ಮನಸ್ಸು ಕುಂದಿ ಹಿಂತಿರುಗಿದನು. ೧೭೩೮ರ ಮೇ ೨೪ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರಲು, ತನ್ನ ಹೃದಯವು ಅಪೂರ್ವವಾಗಿ ಬೆಚ್ಚಗಾದುದನ್ನು ಕಂಡನು. ಆ ಸಂಜೆಯನ್ನು ಎಲ್ಲರೂ ಹೇಳುವರು. ಮಾರನೆಯ ದಿನದಿಂದ ಆತನು ಏನು ಮಾಡಿದನೆಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ತೋರುತ್ತದೆ. ಆತನು ನಿಯಮಗಳನ್ನು ಬಿಡಲಿಲ್ಲ. ನಸುಕಿನಲ್ಲಿಯೇ ಎದ್ದನು, ಉಪವಾಸವಿದ್ದನು, ಸೆರೆಮನೆಗೆ ಹೋದನು, ಮುಪ್ಪಿನವರೆಗೂ ಊರೂರು ಸುತ್ತಿದನು. ಬದಲಾದದ್ದು ನಿಯಮಗಳಲ್ಲ, ಅವುಗಳ ಸ್ಥಾನ. ಮೊದಲು ಅವು ದೇವರಿಗೆ ತೆರುವ ಬೆಲೆಯಾಗಿದ್ದುವು. ಆಮೇಲೆ ದೇವರಿಂದ ಬರುವುದು ಹರಿದು ಬರುವ ಕಾಲುವೆಗಳಾದುವು. ಪ್ರಾರ್ಥನೆ, ವೇದಪಾರಾಯಣ, ಪ್ರಭುಭೋಜನ, ಉಪವಾಸ ಇವನ್ನು ಆತನು ಕೃಪಾಸಾಧನಗಳೆಂದು ಕರೆದನು.

ಕಾಲುವೆಯೆಂದೊಡನೆ ನಮ್ಮ ಜಿಲ್ಲೆಯವರಿಗೆ ಮಾರಿಕಣಿವೆ ನೆನಪಾಗಬೇಕಾದುದು ಸಹಜ. ದೇವರು ಒಳ್ಳೆಯವರ ಮೇಲೆಯೂ ಕೆಟ್ಟವರ ಮೇಲೆಯೂ ಒಂದೇ ಸಮನಾಗಿ ಮಳೆ ಸುರಿಸುವನೆಂದು ಯೇಸುವು ಹೇಳಿದನು. ಮಳೆಯು ಹಿರಿಯೂರಿನ ಬೀಳುನೆಲಕ್ಕೂ ಬೀಳುವುದು, ಹೊಳಲ್ಕೆರೆಯ ಅಡಕೆ ತೋಟಕ್ಕೂ ಬೀಳುವುದು. ಆದರೆ ನಿಲ್ಲುವುದು ನಿಲ್ಲಿಸಿಕೊಂಡ ಕಡೆ. ಹೊಸದುರ್ಗದ ಸೀಮೆಯನ್ನು ಹಾದು ಬರುವ ವೇದಾವತಿಗೆ, ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ಕಲ್ಲುಗಾರೆಯ ಕಟ್ಟೆಯನ್ನು ಕಟ್ಟಿ ೧೯೦೭ರ ಹೊತ್ತಿಗೆ ಮುಗಿಸಿದರು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರಿನಿಂದ ಅದಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಾಯಿತು. ಪೂರ್ಣಮಟ್ಟ ೧೩೦ ಅಡಿ. ಕೆರೆ ಆ ಮಟ್ಟವನ್ನು ಮುಟ್ಟಿದುದು ೧೯೩೩ರಲ್ಲಿ. ಅದಾದಮೇಲೆ ಕೋಡಿ ಬಿದ್ದುದು ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳು ಕಳೆದ ಬಳಿಕ. ೨೦೨೫ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು.

ಎಂಬತ್ತೊಂಬತ್ತು ವರ್ಷಗಳ ಕಾಲ ಕಟ್ಟೆಯನ್ನು ಕಾಯ್ದವರ ವಿಷಯವನ್ನು ನಾನು ಆಗಾಗ್ಗೆ ಆಲೋಚಿಸುವುದುಂಟು. ತೂಬುಗಳನ್ನು ನೋಡಿಕೊಂಡರು, ಕಾಲುವೆಗಳ ಹೂಳನ್ನು ತೆಗೆಸಿದರು. ಅವರಲ್ಲಿ ಬಹುಮಂದಿ ಕೋಡಿಯ ಮೇಲೆ ನೀರು ಹರಿಯುವುದನ್ನು ಕಾಣದೆಯೇ ಕಣ್ಣುಮುಚ್ಚಿದರು. ಕಟ್ಟೆಯು ಒಂದು ಹನಿ ಮಳೆಯನ್ನೂ ಉಂಟುಮಾಡಲಾರದು. ಅದಿಲ್ಲದಿದ್ದರೆ ೨೦೨೨ರ ಮಳೆ ಹರಿದು ಹೋಗಿ ಹೆಸರಿಲ್ಲದಂತಾಗುತ್ತಿತ್ತು. ನಡುವಣ ವರ್ಷಗಳೂ ಬರಿದಾದುವೆಂದು ಹೇಳುವ ಹಾಗಿಲ್ಲ: ತುಂಬದ ಕೆರೆಯೇ ಅಷ್ಟು ಕಾಲ ಗದ್ದೆ ತೋಟಗಳಿಗೂ ಊರುಗಳ ಬಾಯಾರಿಕೆಗೂ ನೀರುಕೊಟ್ಟಿತು. ಕ್ರೈಸ್ತನ ನಿತ್ಯದ ಪ್ರಾರ್ಥನೆಗೂ ನಿಯಮಕ್ಕೂ ಇರುವ ಬೆಲೆ ಈ ಕಟ್ಟೆಯ ಬೆಲೆ. ನಾನು ಕಟ್ಟಿದುದರಿಂದ ಮಳೆ ಬಂತೆಂದು ಹೇಳಿದರೆ ಅಹಂಕಾರ. ಮಳೆ ದೇವರದಾದ್ದರಿಂದ ಕಟ್ಟೆಯೇಕೆ ಎಂದರೆ ಮೂರ್ಖತನ.

ಈ ಎರಡನೆಯ ದೋಷವನ್ನು ಕುರಿತು ನಮ್ಮವರಿಗೇ ಒಂದು ಮಾತು ಹೇಳಬೇಕಾಗಿದೆ. ದೇವರು ಯಾವಾಗ ತಿದ್ದುವನೋ ಆಗ ತಿದ್ದಿಕೊಳ್ಳುವೆನೆಂದು ಹೇಳಿ, ಮನೆಯಲ್ಲಿ ಹೆಂಡತಿಯ ಮೇಲೆ ಕೈಮಾಡುವ ಭಕ್ತರಿದ್ದಾರೆ. ಭಾನುವಾರ ಕಣ್ಣೀರು, ಸೋಮವಾರ ಬೈಗುಳ. ಅವರು ನೆಚ್ಚಿರುವುದು ಕೃಪೆಯನ್ನಲ್ಲ, ತಮ್ಮ ಅನುಕೂಲವನ್ನು. ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ, ನಿಮ್ಮ ರಕ್ಷಣೆಯ ಕೆಲಸವನ್ನು ಭಯಭಕ್ತಿಯಿಂದ ಸಾಗಿಸಿರಿ, ಏಕೆಂದರೆ ಬಯಸುವ ಮನಸ್ಸನ್ನೂ ನಡಸುವ ಬಲವನ್ನೂ ನಿಮ್ಮೊಳಗೆ ಕೊಡುವವನು ದೇವರೇ ಎಂಬರ್ಥದಲ್ಲಿ ಹೇಳಿದನು. ದೇವರು ಮಾಡುವನು, ಆದ್ದರಿಂದ ನೀವು ಸುಮ್ಮನಿರಿ ಎನ್ನಲಿಲ್ಲ. ದೇವರು ಮಾಡುವನು, ಆದ್ದರಿಂದಲೇ ನೀವು ಮಾಡಿರಿ ಎಂದನು.

ಇದು ಪುಸ್ತಕದ ಮಾತಾಗಿ ಉಳಿಯದಂತೆ ನಾನು ಹತ್ತಿರದಿಂದ ಬಲ್ಲ ಒಂದು ಸಂಗತಿಯನ್ನು ಹೇಳುವೆನು. ಹೊಸದುರ್ಗದ ಕಡೆಯ ತೆಂಗಿನ ತೋಟದವರೊಬ್ಬರು, ನಮ್ಮ ಸಭೆಯ ಹಿರಿಯರು. ಆಸ್ತಿ ಭಾಗವಾದಾಗ ತಮ್ಮನಿಗೂ ಅವರಿಗೂ ನೀರಿನ ವಿಷಯದಲ್ಲಿ ಮನಸ್ತಾಪವಾಗಿ, ಅನೇಕ ವರ್ಷ ಮಾತು ನಿಂತುಹೋಗಿತ್ತು. ಇತರರನ್ನು ನಾವು ಕ್ಷಮಿಸಿದಂತೆ ನಮ್ಮನ್ನು ಕ್ಷಮಿಸೆಂದು ಬೇಡುವ ಮಾತು ಕರ್ತನ ಪ್ರಾರ್ಥನೆಯಲ್ಲಿದೆ. ಪ್ರತಿ ಭಾನುವಾರವೂ ಎಲ್ಲರೊಡನೆ ಅದನ್ನು ಹೇಳಬೇಕು. ಒಂದು ಭಾನುವಾರದಿಂದ ಅವರು ಆ ಮಾತು ಬಂದಾಗ ಬಾಯಿ ಮುಚ್ಚಿಕೊಂಡು ನಿಲ್ಲತೊಡಗಿದರು. ಪಕ್ಕದಲ್ಲಿ ನಿಲ್ಲುತ್ತಿದ್ದುದರಿಂದ ನನಗೆ ತಿಳಿಯಿತು. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲೆಂದು ಅವರ ನಿರ್ಣಯ. ಕ್ಷಮಿಸುವೆನೆಂದು ಅವರು ಎಷ್ಟೋ ಸಲ ಗಟ್ಟಿಮನಸ್ಸು ಮಾಡಿದ್ದರಂತೆ. ಬೇಲಿಯ ಬಳಿ ತಮ್ಮನನ್ನು ಕಂಡೊಡನೆ ಅದು ಕರಗಿ ಹೋಗುತ್ತಿತ್ತಂತೆ. ಕಡೆಗೆ ಅವರು ಪ್ರಾರ್ಥಿಸಿದುದು ಇಷ್ಟೇ: “ಕ್ಷಮಿಸಲಾರೆ. ಕ್ಷಮಿಸಬೇಕೆಂಬ ಆಸೆಯೂ ನನಗಿಲ್ಲ. ಆ ಆಸೆಯನ್ನಾದರೂ ಕೊಡು.” ದಿನವೂ ರಾತ್ರಿ ದೀಪ ಆರಿಸುವ ಮುಂಚೆ ಇದೊಂದೇ ಮಾತು, ವರ್ಷಕ್ಕೂ ಮೇಲೆ.

ಆ ಬೇಸಗೆಯಲ್ಲಿ ತಮ್ಮನ ಕೊಳವೆಬಾವಿಯ ಮೋಟಾರು ಸುಟ್ಟುಹೋಗಿ, ತೆಂಗಿನ ಸಸಿಗಳು ಬಾಡತೊಡಗಿದುವು. ಅಣ್ಣನು ಒಂದು ಬೆಳಗ್ಗೆ ತನ್ನ ನೀರಿನ ಕೊಳವೆಯನ್ನು ಬೇಲಿಯಾಚೆಗೆ ಎಳೆದು ಹಾಕಿ ಬಂದನು. ಯಾರೂ ಮಾತಾಡಲಿಲ್ಲ. ನೀರು ಎಂಟು ದಿನ ಹರಿಯಿತು. ಒಂಬತ್ತನೆಯ ದಿನ ತಮ್ಮನು ಕೊಳವೆಯನ್ನು ಸುತ್ತಿ ಹೊತ್ತು ತಂದು ಅಣ್ಣನ ಜಗಲಿಯ ಮೇಲಿಟ್ಟು, “ಅಣ್ಣಾ, ಕಾಫಿ ಆಗಿದೆಯೇನು?” ಎಂದನಂತೆ. ಮುಂದೆ ಅವರ ನಡುವೆ ಜಗಳವೇ ಆಗಲಿಲ್ಲವೆಂದಲ್ಲ. ಹಿರಿಯರ ಕೋಪ ಈಗಲೂ ಆಗಾಗ್ಗೆ ಹೊಗೆಯಾಡುವುದುಂಟು. ಇದನ್ನು ಹೇಗೆ ಸಾಧಿಸಿದಿರೆಂದು ಕೇಳಿದುದಕ್ಕೆ ಅವರು ಹೇಳಿದ ಉತ್ತರ ನನಗೆ ಎಲ್ಲ ಗ್ರಂಥಗಳಿಗಿಂತ ಹೆಚ್ಚು ಸ್ಪಷ್ಟವಾಗಿ ತೋರಿತು. “ನಾನು ಮಾಡಿದ್ದಲ್ಲ ಬಿಡಿ. ಆದರೆ ಬೇಲಿ ದಾಟಿ ಹೋದದ್ದು ನನ್ನ ಕಾಲೇ.”

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಬದಲಾಗದ ಕುಡುಕನಿಗೆ ಕೃಪೆ ನಿರಾಕೃತವಾಗಿದೆಯೆಂದು ಹೇಳುವ ಅಧಿಕಾರ ನಮಗಾರಿಗೂ ಇಲ್ಲ. ಅವನ ಹೆಂಡತಿ ಮಕ್ಕಳು ಏಟುಗಳನ್ನು ಸಹಿಸಿಕೊಂಡು ಕೃಪೆಗಾಗಿ ಕಾಯಬೇಕೆಂಬುದೂ ಧರ್ಮವಲ್ಲ. ಅವರ ದೂರನ್ನು ಕೇಳುವ ಕಿವಿ, ಅವರಿಗೆ ದೊರೆಯುವ ಆಶ್ರಯ, ಇವೂ ಕೃಪಾಸಾಧನಗಳೇ. ಕುಡುಕನಿಗಾದರೋ ಕೃಪೆಯು ಆಕಾಶದಿಂದ ನೇರವಾಗಿ ಇಳಿಯುವುದು ಅಪೂರ್ವ. ಬಹುಮಟ್ಟಿಗೆ ಅದು ಇನ್ನೊಬ್ಬ ಮನುಷ್ಯನ ಕಾಲಿನ ಮೇಲೆ ನಡೆದು ಬರುವುದು. ೧೯೩೫ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಕುಡಿತದಿಂದ ಕೆಟ್ಟ ಇಬ್ಬರು ಸೇರಿ ಆರಂಭಿಸಿದ, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗವು ಇಂದು ನಮ್ಮ ದೇಶದಲ್ಲಿಯೂ ಇದೆ. ಅವರು ಹಾಕಿಕೊಂಡ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು, ಇದು ನನ್ನ ಕೈಯಿಂದ ಆಗದೆಂದು ಒಪ್ಪಿಕೊಳ್ಳುವುದು; ಕಡೆಯದು, ತನಗೆ ದೊರೆತುದನ್ನು ಇನ್ನೊಬ್ಬ ಕುಡುಕನಿಗೆ ಮುಟ್ಟಿಸುವುದು. ಇದನ್ನು ಕೇಳಿ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾಳೆ ಸಂಜೆ ಅವನ ಮನೆಗೆ ಹೋಗಿಬರೋಣ, ಬರುತ್ತೀರಾ?” ಎಂದರು. ಹೋದೆವು. ಒಂದು ಸಂಜೆಗೆ ಮುಗಿಯುವ ಕೆಲಸವಲ್ಲ ಅದು. ಇನ್ನೂ ಹೋಗುತ್ತಲೇ ಇದ್ದೇವೆ.

ತನ್ನ ಬದಲಾವಣೆ ಕೃಪೆಯಿಂದಾದುದೋ ತನ್ನ ಸಂಪಾದನೆಯೋ ಎಂಬುದನ್ನು ಪರೀಕ್ಷಿಸಲು ಒಂದೇ ಉಪಾಯವೆಂದು ನನಗೆ ಈಗ ತೋರುತ್ತದೆ. ಇನ್ನೂ ಬದಲಾಗದವನನ್ನು ನಾನು ಹೇಗೆ ನೋಡುವೆನೆಂಬುದನ್ನು ನೋಡಿಕೊಳ್ಳುವುದೇ ಆ ಉಪಾಯ. ದುಡಿದು ಗಳಿಸಿದೆನೆಂದು ತಿಳಿದವನು ಅವನ ಲೆಕ್ಕವನ್ನು ಕೇಳುವನು. ದಾನವಾಗಿ ಪಡೆದೆನೆಂದು ತಿಳಿದವನು ಅವನ ಬಾಗಿಲಿಗೆ ಹೋಗುವನು. ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಅಲ್ಲಿಯ ಹೊಂಡಗಳನ್ನು ನೋಡಿರಬಹುದು. ಮಳೆ ಕಡಮೆಯಾದ ಆ ಕಲ್ಲುಬೆಟ್ಟದಲ್ಲಿ ಹಿಂದಿನವರು ಒಂದು ಹನಿಯೂ ಹಾಳಾಗದಂತೆ ಹೊಂಡಕ್ಕೆ ಹೊಂಡವನ್ನು ಹೊಂದಿಸಿದರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಇಳಿಯುವುದು, ಅಲ್ಲಿಂದ ಇನ್ನೂ ಕೆಳಗೆ ಊರಿನ ಕಡೆಗೆ. ಮೇಲಿನ ಹೊಂಡ ತನ್ನ ನೀರನ್ನು ತಾನೇ ತೋಡಿಕೊಂಡುದಲ್ಲ. ಆದುದರಿಂದ ಕೆಳಗಿನದಕ್ಕೆ ಬಿಡಲು ಅದಕ್ಕೆ ಅಡ್ಡಿಯೂ ಇಲ್ಲ. ನಮ್ಮ ನಮ್ಮ ಮನೆಗಳಲ್ಲಿ, ಮೊದಲು ಅಲ್ಲಿಯೇ, ಇಷ್ಟು ನಡೆದರೆ ಸಾಕು.